ನೀರು ಬರುವುದು ಹಿಂದಿನಿಂದ

ಡ್ಯಾಮಿನ ಗೇಟು ತೆಗೆಯುತ್ತಾರೆಂದು ಮೈಕಿನ ಆಟೋ ಸಾರಿಕೊಂಡು ಬಂದಾಗ, ಕಾಳಪ್ಪ ಎದ್ದು ಹೊಳೆದಂಡೆಯ ಹನುಮಪ್ಪನ ಗುಡಿಗೆ ಹೋದ. ಹನುಮಪ್ಪನ ಪಾದಕ್ಕೆ ನೀರು ಮುಟ್ಟಿದ ಮೇಲೆಯೇ ಮನೆ ಬಿಡುವುದು ಆ ಊರಿನ ರೂಢಿ. ಅವನ ಅಪ್ಪ, ಅಜ್ಜ ನಡೆದದ್ದೂ ಹಾಗೆಯೇ. ನೀರು ಇನ್ನೂ ಎಷ್ಟೋ ಮೆಟ್ಟಿಲು ಕೆಳಗಿತ್ತು.

ಮನೆಗೆ ಬಂದರೆ ಆಶಾ ಕಾರ್ಯಕರ್ತೆ ಸಬೀನಾ ಕೂತಿದ್ದಳು. ಕಾಳಪ್ಪನ ಹೆಂಡತಿ ಮುದಕಮ್ಮನಿಗೆ ಉಬ್ಬಸ ಹೆಚ್ಚಾಗಿತ್ತು.

"ಕಾಕಾ, ಕಾಕಿನ್ನ ಇವತ್ತ ಗಂಗಾವತಿ ದವಾಖಾನಿಗೆ ಕರ್ಕೊಂಡು ಹೋಗ್ರಿ. ನಾಳೆ ದಾರಿ ಇರಂಗಿಲ್ಲ."

"ಹನುಮಪ್ಪನ ಪಾದ ಇನ್ನೂ ತೊಯ್ದಿಲ್ಲ. ನಿನ್ನೆ ಮೊನ್ನೆ ಮದಿವಿಯಾಗಿ ಬಂದಾಕಿ, ನನಗ ಹೊಳಿ ಬಗ್ಗೆ ಹೇಳ್ತಿ?"

"ಹೊಳಿ ನೋಡಬ್ಯಾಡ್ರಿ, ಹಿತ್ತಲ ಕಡೆ ನೋಡ್ರಿ. ಹೊಳಿ ಉಕ್ಕಿದಾಗೊಮ್ಮೆ ಉಸುಕು ಚೆಲ್ಲಿ ಚೆಲ್ಲಿ ಈ ದಂಡಿ ಎತ್ತರ ಆಗೈತಿ. ನಮ್ಮ ಮನಿ ಎಲ್ಲಾ ಈ ದಿಬ್ಬದ ಮ್ಯಾಲ ಅದಾವ. ಹಿಂದಿನ ಗದ್ದಿ, ರಸ್ತೆ ಎಲ್ಲಾ ತಗ್ಗು. ಹೊಳಿ ತುಂಬಿದ್ರ ನೀರು ಹಳ್ಳದಾಗ ಹಿಂದಕ್ಕ ಒತ್ತಿಕೊಂಡು ಬಂದು ಮೊದಲ ಅಲ್ಲೇ ನಿಲ್ತೈತ್ರಿ."

ಮುದಕಮ್ಮ ಏದುಸಿರಿನಲ್ಲೇ, "ಹೋಗಿಬಿಡೂಣ್ರಿ" ಎಂದಳು.

"ನಾಳೆ ನೋಡೂಣು" ಎಂದ ಕಾಳಪ್ಪ. ಹಟಕ್ಕೆ ಬಿದ್ದ ಗಂಡಸಿಗೆ ನಾಳೆ ಎಂಬುದು ಯಾವಾಗಲೂ ಕೈಗೆಟಕುವಷ್ಟು ಹತ್ತಿರವೇ ಇರುತ್ತದೆ.

ಬೆಳಗಾದಾಗಲೂ ಹನುಮಪ್ಪನ ಪಾದ ತೊಯ್ದಿರಲಿಲ್ಲ. ಆದರೆ ಹಿಂದೆ ಗದ್ದೆಯೂ ಇಲ್ಲ, ರಸ್ತೆಯೂ ಇಲ್ಲ. ಕದಡಿದ ನೀರಿನಲ್ಲಿ ಕರೆಂಟು ಕಂಬಗಳಷ್ಟೇ ನಿಂತಿದ್ದವು. ಮುದಕಮ್ಮನ ತುಟಿ ನೀಲಿಗಟ್ಟಿತ್ತು. ಸಬೀನಾ ಫೋನು ಮಾಡಿ ಹರಿಗೋಲು ತರಿಸಿದಳು. ಅಂಬುಲೆನ್ಸು ನೀರಿನ ಆಚೆ ಕಾಯುತ್ತಿತ್ತು. ಮುಳುಗಿದ ಭತ್ತದ ಮೇಲೆ ಹರಿಗೋಲು ಸಾಗುತ್ತಿರುವಾಗಲೇ ಮುದಕಮ್ಮನ ಉಸಿರು ನಿಂತಿತು.

ಆ ನೆರೆಯಲ್ಲಿ ಕಾಳಪ್ಪನ ಮನೆಗೆ ಒಂದು ಹನಿ ನೀರೂ ಬರಲಿಲ್ಲ. ಮಣ್ಣಿಗೆ ಬಂದವರೊಬ್ಬರು, "ಮನಿ ಉಳೀತಲ್ಲಪ್ಪ" ಎಂದರು.

"ಉಳೀತು," ಎಂದ ಕಾಳಪ್ಪ. "ಆಕಿನ್ನ ಕೊಂದು ಉಳಿಸ್ಕೊಂಡೆ."

ಈ ವರ್ಷ ಮೈಕು ಕೇಳಿದ ಕೂಡಲೇ ಅವನು ಬಸುರಿ ಸೊಸೆ ಹೇಮಾಳ ಬಟ್ಟೆ ಗಂಟನ್ನು ತಾನೇ ಟ್ರ್ಯಾಕ್ಟರಿಗೆ ಇಟ್ಟ.

"ಮಾವಾರ, ಹೊಳಿ ಇನ್ನೂ ಕೆಳಗೈತಲ್ರಿ?"

"ಕೆಳಗಿದ್ದಾಗನ ಹೋಗಬೇಕವ್ವ."

ಹೊಳೆದಂಡೆಯ ಅಕ್ಕ ಅಣ್ಣಂದಿರೇ, ಗೇಟು ತೆಗೆಯುವ ಸುದ್ದಿ ಬಂದ ದಿನವೇ ಬಸುರಿಯರನ್ನು, ಬಾಣಂತಿಯರನ್ನು, ಹಾಸಿಗೆ ಹಿಡಿದವರನ್ನು ಎತ್ತರದ ಊರಿಗೆ ಮುಟ್ಟಿಸಿ. ನೀರು ಹತ್ತಿದ ರಸ್ತೆಗೆ ಇಳಿಯಬೇಡಿ. ಮನೆ ಒಣಗಿದ್ದರೆ ಸಾಕು ಎನ್ನುವವರು ಒಮ್ಮೆ ಕಾಳಪ್ಪನ ಮನೆಗೆ ಬನ್ನಿ. ಒಣಗಿದ ಮನೆ ಹೇಗಿರುತ್ತದೆಂದು ಅವನೇ ತೋರಿಸುತ್ತಾನೆ.