ಟಿವಿಯ ಕೆಳಗೆ ಓಡಿದ ಸಾಲು

ಕಿಟಕಿಯ ಗಾಜು ಮತ್ತೆ ಜಾರಿತು, ತಳ್ಳಿದರೆ ಮುಚ್ಚುತ್ತದೆ, ಬಸ್ಸು ಒಂದು ತಗ್ಗಿಗೆ ಇಳಿದರೆ ಸಾಕು ತಾನೇ ತೆರೆದುಕೊಳ್ಳುತ್ತದೆ, ಡಿಸೆಂಬರಿನ ಗಾಳಿ ನೇರವಾಗಿ ಸಾಯಬಮ್ಮನ ಕಿವಿಗೆ ಬಡಿಯುತ್ತದೆ, ಆದರೂ ಮುದುಕಿ ಸೆರಗು ಎಳೆದುಕೊಳ್ಳುವುದಿಲ್ಲ, ಎರಡೂ ಕೈಯಲ್ಲಿ ತೊಡೆಯ ಮೇಲಿನ ಬುತ್ತಿಯ ಗಂಟನ್ನು ಹಿಡಿದು ಕೂತಿದ್ದಾಳೆ, ಇಬ್ಬರು ಗಂಡಸರು ಹೊಟ್ಟೆ ತುಂಬ ಉಣ್ಣುವಷ್ಟು ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ — ಇಬ್ಬರು, ಎಂದು ಉಮಾ ಮನಸ್ಸಿನಲ್ಲೇ ಅಂದುಕೊಂಡು ಗಾಜನ್ನು ಇನ್ನೊಮ್ಮೆ ತಳ್ಳಿದಳು. ದೇವಾಪುರದಲ್ಲೇ ಹೇಳಿಬಿಡಬೇಕಿತ್ತು. ಬೆಳಿಗ್ಗೆ ಬಸ್‌ಸ್ಟಾಪಿನಲ್ಲಿ ಮುದುಕಿ ಗಂಟು ಹಿಡಿದು ನಿಂತಿದ್ದನ್ನು ಕಂಡಾಗ ಅವಳ ಬಾಯಿಂದ ಬಂದದ್ದು ಇಷ್ಟೇ, ದೊಡ್ಡವ್ವ, ಥಂಡಿ ಭಾಳ ಅದ, ನೀ ಯಾಕ ಬರ್ತಿ, ಅದಕ್ಕೆ ಸಾಯಬಮ್ಮ, ಮರಿಲಿಂಗ ಬರಾಕತ್ತಾನಂದ್ರ ನನ್ನ ಮಗನೂ ಬರಾಕತ್ತಾನ, ಕೂಡೇ ಹೋದೋರು ಕೂಡೇ ಬರ್ತಾರ, ಬಸ್ಸಿಗೇನು ಈಗ ರೊಕ್ಕ ಕೊಡಬೇಕೇನು, ಎಂದು ಮೊದಲು ತಾನೇ ಹತ್ತಿ ಕೂತಳು. ಮರಿಲಿಂಗ ಉಮಾಳ ಗಂಡ. ಭೀಮೇಶ ಸಾಯಬಮ್ಮನ ಒಬ್ಬನೇ ಮಗ. ಎರಡು ಮನೆಗಳ ನಡುವೆ ಒಂದೇ ಗೋಡೆ, ಆ ಕಡೆ ಒಗ್ಗರಣೆ ಹಾಕಿದರೆ ಈ ಕಡೆ ಸೀನು ಬರುತ್ತದೆ. ಬೇಸಿಗೆಯ ಕೊನೆಗೆ ಇಬ್ಬರೂ ಸಿಕ್ಕಿಂ ಗುಡ್ಡದಲ್ಲಿ ಸುರಂಗ ಕೊರೆಯಲು ಹೋದರು. ಭೀಮೇಶ ಸತ್ತುಹೋಗಿದ್ದಾನೆ. ಉಮಾಳಿಗೆ ಇದು ಅಕ್ಟೋಬರಿನಿಂದ ಗೊತ್ತು, ಪಕ್ಕದಲ್ಲಿ ಕೂತವಳಿಗೆ ಗೊತ್ತಿಲ್ಲ, ಇನ್ನು ಹತ್ತಿಗುಡೂರು, ಆಮೇಲೆ ಭೀಮರಾಯನಗುಡಿ, ಶಹಾಪುರದಲ್ಲಿ ಬಸ್ಸು ಬದಲಿಸಬೇಕು, ಆಮೇಲೆ ಯಾದಗಿರಿ ಸ್ಟೇಷನ್ನು, ಅಷ್ಟರೊಳಗೆ ಎಲ್ಲಿಯಾದರೂ ಬಾಯಿ ತೆರೆಯಬೇಕು.

ಹೊರಗೆ ಹತ್ತಿ ಹೊಲ, ಬೆಳ್ಳಗೆ ಬಾಯಿ ಬಿಟ್ಟ ಕಾಯಿ, ಇವತ್ತು ತಾನೂ ಬಿಡಿಸಲು ಹೋಗಬೇಕಾದವಳು, ಹೆಂಗಸರು ಸೊಂಟಕ್ಕೆ ಸೀರೆಯ ಜೋಳಿಗೆ ಕಟ್ಟಿಕೊಂಡು ಸಾಲಿಗೊಬ್ಬರಂತೆ ನಿಂತಿದ್ದಾರೆ, ನೋಡುತ್ತಿದ್ದಂತೆಯೇ ಹೊಲ ಹಿಂದೆ ಸರಿಯಿತು — ಈ ವರ್ಷವೂ ಹೀಗೇ ಸರಿಯಿತು, ಟಿವಿಯಲ್ಲಿ ಏನು ಬಂದರೂ ಅವಳಿಗೆ ಮೊದಲು ತೋಚುತ್ತಿದ್ದುದು ಒಂದೇ, ಇವರು ಅಲ್ಲಿದ್ದಾರೇನು. ಜೂನಿನಲ್ಲಿ ಒಡಿಶಾದ ರೈಲು ಅಪಘಾತ. ನಬಿಸಾಬನ ಹೋಟೆಲಿನ ಟಿವಿಯ ಮುಂದೆ ಓಣಿಯೆಲ್ಲ ನಿಂತಿತ್ತು, ಡಬ್ಬಿಯ ಮೇಲೆ ಡಬ್ಬಿ ಏರಿ ಕೂತಿದ್ದವು, ಇವರಿಬ್ಬರೂ ಅದೇ ದಾರಿಯಲ್ಲಿ ಹೊರಟವರು, ಫೋನು ಹತ್ತುತ್ತಿಲ್ಲ, ಸಾಯಬಮ್ಮ ಹೋಟೆಲಿನ ಕಟ್ಟೆಯ ಮೇಲೆ ಕುಸಿದು ಕೂತಿದ್ದಳು, ನಬಿಸಾಬ ಅವಳ ಕೈಗೆ ಚಹಾದ ಲೋಟ ಇಟ್ಟು, ಕುಡಿ ಬೇ, ಹೊಟ್ಟಿ ಖಾಲಿ ಇಟ್ಕೊಂಡು ಅಳಬ್ಯಾಡ, ಅನ್ನುತ್ತಿದ್ದ. ಆಗಲೇ ಮರಿಲಿಂಗನ ಫೋನು, ನಮ್ಮ ಗಾಡಿ ನಿನ್ನೇನೇ ದಾಟ್ಯದ, ಏನೂ ಆಗಿಲ್ಲ, ಹಿಂದಿನಿಂದ ಭೀಮೇಶನ ನಗು, ಯವ್ವಾಗ ಹೇಳ್ರಿ ವೈನಿ, ನನಗ ಮ್ಯಾಲಿನ ಸೀಟು ಸಿಕ್ಕದ, ಕಾಲು ಚಾಚಿ ಮಲಗೀನಂತ. ಆ ದಿನಗಳಲ್ಲಿ ಉಮಾ ಎಷ್ಟು ಹಗುರಾಗಿದ್ದಳೆಂದರೆ, ಹೆಂಗಸರಿಗೆ ಬಸ್ಸು ಫ್ರೀ ಆಯಿತು ಎಂದು ಓಣಿಯೇ ಎದ್ದು ಹೊರಟಾಗ ಸಾಯಬಮ್ಮನನ್ನೂ ಕರೆದುಕೊಂಡು ಸುರಪುರಕ್ಕೆ ಹೋಗಿ, ಏನೂ ಕೊಳ್ಳದೆ, ಬಜಾರು ತಿರುಗಿ ಬಂದಿದ್ದಳು. ಕಂಡಕ್ಟರ್ ಕೊಟ್ಟ ಚೀಟಿಯನ್ನು ಸಾಯಬಮ್ಮ ತಿರುಗಿಸಿ ತಿರುಗಿಸಿ ನೋಡಿ, ಇದನ್ನ ಭೀಮೇಶಗ ತೋರಿಸ್ತೀನಿ, ಎಂದು ಎಲೆಯಡಿಕೆ ಚೀಲದಲ್ಲಿ ಇಟ್ಟುಕೊಂಡಳು, ಈಗಲೂ ಇರಬೇಕು. ಆಮೇಲೆ ಚಂದ್ರ, ನಮ್ಮ ನೌಕೆ ಅಲ್ಲಿ ಇಳಿದ ದಿನ. ಆ ಸಂಜೆ ನಬಿಸಾಬ ಎಲ್ಲರಿಗೂ ಚಹಾ ಕೊಟ್ಟ, ಶಾಲೆಯ ಹುಡುಗರು ಟಿವಿಗಿಂತ ಮೊದಲೇ ಚಪ್ಪಾಳೆ ಹೊಡೆದುಬಿಟ್ಟರು, ಅದೇ ಹೊತ್ತಿಗೆ ಭೀಮೇಶನ ವಿಡಿಯೋ ಕಾಲ್, ಮುಖ ಒಮ್ಮೆ ಕಾಣುತ್ತದೆ ಒಮ್ಮೆ ನಿಂತುಬಿಡುತ್ತದೆ, ಯವ್ವಾ, ಸಿಗ್ನಲ್ ಸಲುವಾಗಿ ಗುಡ್ಡ ಏರಿ ಬಂದೀನಿ, ಚಂದ್ರನ ತನಕ ಹೋಗ್ಯಾರ ನೋಡು, ನಮ್ಮ ಕ್ಯಾಂಪಿಗೆ ಒಂದು ಟವರ್ ಹಾಕ್ಸಾಂಗಿಲ್ಲ. ಸಾಯಬಮ್ಮ ಕೇಳಿದ್ದು, ಉಂಡಿಯೇನೋ. ಅವನು ಹೂಂ ಅಂದನೋ ಇಲ್ಲವೋ, ಫೋನು ಕಟ್ಟಾಯಿತು.

ಸೆಪ್ಟೆಂಬರಿನಲ್ಲಿ ದಿಲ್ಲಿಗೆ ದೊಡ್ಡ ದೊಡ್ಡ ದೇಶದವರು ಬಂದರು, ದೇಶಕ್ಕೆ ಯಾವ ಹೆಸರಿರಬೇಕು ಎಂದು ಹೋಟೆಲಿನಲ್ಲಿ ಜಗಳ, ಕಾವೇರಿ ಎಂದು ಬೆಂಗಳೂರು ಬಂದ್, ನಮಗೇನು, ನಮ್ಮದು ಕೃಷ್ಣಾ, ಎಂದು ನಬಿಸಾಬ ಚಾನೆಲ್ ಬದಲಿಸಿದ. ಅಕ್ಟೋಬರಿನ ಮೊದಲ ವಾರ, ಮರುದಿನದಿಂದ ಕ್ರಿಕೆಟ್ ವಿಶ್ವಕಪ್ಪು, ಟಿವಿ ತುಂಬ ನೀಲಿ ಅಂಗಿಯವರು, ಕೆಳಗೆ ಕೆಂಪು ಪಟ್ಟಿಯಲ್ಲಿ ಅಕ್ಷರ ಓಡುತ್ತಿದ್ದವು, ಉಮಾ ಮೊಸರು ತರಲು ಹೋದವಳು ನಿಂತಳು, ಸಿಕ್ಕಿಂ, ಎಂದಿತ್ತು, ಮುಂದಿನ ಅಕ್ಷರ ಓದುವಷ್ಟರಲ್ಲಿ ಸರಿದುಹೋಯಿತು, ಅದು ತಿರುಗಿ ಬರುವವರೆಗೆ ಕಾದಳು, ಯಾರದೋ ಬಂಗಾರದಂಗಡಿಯ ಜಾಹೀರಾತು, ಆಮೇಲೆ ಬಂತು, ಸರೋವರ ಒಡೆದು ತೀಸ್ತಾ ನದಿಯಲ್ಲಿ ಪ್ರವಾಹ, ಹಲವರು ನಾಪತ್ತೆ. ಅಷ್ಟೇ. ಮೊಸರು ಮರೆತು ಮನೆಗೆ ಬಂದಳು. ಫೋನು ಹಚ್ಚಿದಳು, ಹಚ್ಚಿದಳು, ಸ್ವಿಚ್ ಆಫ್ ಅನ್ನುವ ಹೆಂಗಸಿನ ದನಿ ಬಾಯಿಪಾಠವಾಯಿತು. ಕಡೆಗೆ ಗೊತ್ತಿಲ್ಲದ ನಂಬರಿನಿಂದ ಫೋನು, ಯಾರೋ ಹಿಂದಿ ಮಾತಾಡಿದರು, ಆಮೇಲೆ ಮರಿಲಿಂಗನೇ, ನಾ ಅದೀನಿ. ನೀವು ಅದೀರಿ, ಎಂದಳು, ಅದೀರಿ, ಅದೀರಿ, ಎಂದೇ ಅಂದಳು. ಅವನು ಹೇಳಿದ, ಭೀಮೇಶ ಹೋದ, ಗುಡ್ಡ ಏರಾಕತ್ತಿದ್ವಿ, ನೀರು ಕಾಲಿಗೆ ಬಂತು, ನಾ ಕೈ ಹಿಡಿದಿದ್ದೆ, ಉಮಾ, ನನ್ನ ಕೈಯಾಗ ಅವನ ಕೈ ಇತ್ತು, ಕೆಸರಾಗಿತ್ತು ಎಲ್ಲಾ, ಜಾರಿತು. ಜಾರಿತು ಎಂಬ ಮಾತನ್ನು ಅವನು ಎಲ್ಲಿಯೂ ಬಿಕ್ಕದೆ ಹೇಳಿದ, ಬೆಲೆ ಹೇಳುವವನ ಹಾಗೆ, ಅದೇ ಅವಳಿಗೆ ಅಂಜಿಕೆ ತಂದದ್ದು. ಸಾಯಬಮ್ಮಗ ಹೇಳಬ್ಯಾಡ, ಹೆಣ ಸಿಕ್ಕಿಲ್ಲ, ಹುಡುಕಾಕತ್ತೀವಿ, ಸಿಕ್ಕರ ಹೊತ್ಕೊಂಡು ಬರ್ತೀನಿ, ಇಲ್ಲಂದ್ರ ನಾನೇ ಬಂದು ಹೇಳ್ತೀನಿ. ಹುಡುಕಿದ, ಹೊಳೆಯ ಗುಂಟ ಕೆಳಗೆ ಕೆಳಗೆ, ಬಂಗಾಲದವರೆಗೆ. ಸಿಗಲಿಲ್ಲ. ತಹಶೀಲ್ ಕಚೇರಿಯವರು ಬಂದು ಸಾಯಬಮ್ಮನಿಗೆ ನಾಪತ್ತೆ ಎಂದರು, ಅವಳು ಅವರಿಗೇ ಸಮಾಧಾನ ಹೇಳಿದಳು, ಅಲ್ಲಿ ಸಿಗ್ನಲ್ ಇಲ್ರೀ ಸಾಹೇಬ್ರ, ನನ್ನ ಮಗನೇ ಹೇಳ್ಯಾನ.

ಅಷ್ಟನ್ನೂ ಉಮಾ ಹೇಗೋ ತಡೆದುಕೊಳ್ಳುತ್ತಿದ್ದಳು, ಆದರೆ ದೀಪಾವಳಿಗೆ ಉತ್ತರಾಖಂಡದ ಸುರಂಗ ಕುಸಿಯಿತು. ಒಳಗೆ ಉಳಿದವರು ಕೂಲಿಯವರು. ಸಾಯಬಮ್ಮ ಬೆಳಗಾದರೆ ನಬಿಸಾಬನ ಹೋಟೆಲಿನ ಬೆಂಚು ಹಿಡಿದಳು, ಅದು ಬೇರೆ ಗುಡ್ಡ, ದೊಡ್ಡವ್ವ, ಎಂದರೆ, ಗುಡ್ಡ ಬ್ಯಾರೆ ಇದ್ರೇನು, ಕೆಲಸ ಒಂದೇ ಅಲ್ಲೇನು, ಎಂದಳು, ಕೊಳವೆಯಲ್ಲಿ ಅವರಿಗೆ ಅನ್ನ ಕಳಿಸುವುದನ್ನು ತೋರಿಸಿದಾಗ ತಾನೇ ಉಂಡವಳಂತೆ ಬಾಯಿ ಒರೆಸಿಕೊಂಡಳು. ನಡುವೆ ಕಪ್ಪಿನ ಫೈನಲ್ಲು ಸೋತರು, ಗಂಡಸರು ಹೋಟೆಲಿನಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತರು, ಒಬ್ಬ ಅತ್ತೇಬಿಟ್ಟ, ಸಾಯಬಮ್ಮ ಎಲ್ಲರನ್ನೂ ನೋಡಿ, ಯಾಕ್ರೋ, ಒಳಗಿದ್ದೋರಿಗೇನರ ಆತೇನು, ಎಂದು ಕೇಳಿದಳು, ಯಾರೂ ನಗಲಿಲ್ಲ. ಆಮೇಲೆ ಒಂದು ಸಂಜೆ ಒಬ್ಬೊಬ್ಬರಾಗಿ ಹೊರಬಂದರು, ಕೊರಳಿಗೆ ಹೂವಿನ ಹಾರ, ಎಲ್ಲರೂ ಬಂದರು, ಒಬ್ಬನೂ ಉಳಿಯಲಿಲ್ಲ. ಆ ಸಂಜೆ ಸಾಯಬಮ್ಮ ಓಣಿಗೆಲ್ಲ ಸಕ್ಕರೆ ಹಂಚಿದಳು, ಉಮಾಳ ಬಾಯಿಗೂ ಒಂದು ಚಿಟಿಕೆ, ಅಷ್ಟು ದಿನ ಮಣ್ಣಿನಡಿ ಇದ್ದೋರು ಬಂದಾರಂದ್ರ ನನ್ನ ಮಗನೂ ಬರ್ತಾನ, ಅಲ್ಲೇನ್ ಯವ್ವಾ. ಉಮಾ ಸಕ್ಕರೆ ನುಂಗಿದಳು. ಅವತ್ತೇ ಗಂಡನಿಗೆ ಫೋನು ಮಾಡಿ, ಬರ್ರಿ, ಸಾಕು, ಇನ್ನು ನನ್ನ ಕೈಲಾಗಾಂಗಿಲ್ಲ, ಎಂದಳು.

ಶಹಾಪುರ. ಇಳಿ, ಹತ್ತು, ಗಂಟು ಜೋಪಾನ, ಯಾದಗಿರಿ ಬಸ್ಸಿನಲ್ಲಿ ಮುಂದಿನ ಸೀಟಿನವನ ಮೊಬೈಲಿನಲ್ಲಿ ಪಾರ್ಲಿಮೆಂಟಿನೊಳಗೆ ಹಳದಿ ಹೊಗೆ, ಯಾರೋ ಬೆಂಚು ಹಾರಿ ಓಡುತ್ತಿದ್ದಾರೆ, ಅವನು ಮತ್ತೆ ಮತ್ತೆ ಅದನ್ನೇ ಹಚ್ಚುತ್ತಾನೆ, ಉಮಾ ಮೊದಲ ಸಲ ಸುದ್ದಿಯೊಂದನ್ನು ತನ್ನ ಗಂಡ ಅಲ್ಲಿಲ್ಲ ಎಂದು ಖಾತ್ರಿಯಾಗಿ ನೋಡಿದಳು, ಅವನು ರೈಲಿನಲ್ಲಿದ್ದಾನೆ, ಹೈದರಾಬಾದು ದಾಟಿದ್ದಾನೆ. ಯಾದಗಿರಿಯ ಹತ್ತಿರ ಭೀಮಾ ಸೇತುವೆ ಬಂತು, ಕೆಳಗೆ ಬಂಡೆಗಳ ನಡುವೆ ಸ್ವಲ್ಪವೇ ನೀರು, ಯಾರೋ ಅರಿವೆ ಒಗೆಯುತ್ತಿದ್ದರು, ಈಗ ಹೇಳು, ಈಗ, ಎನ್ನುವಷ್ಟರಲ್ಲಿ ಸೇತುವೆ ಮುಗಿಯಿತು. ಮರಿಲಿಂಗ ನಾನೇ ಹೇಳ್ತೀನಿ ಎಂದಿದ್ದಾನೆ, ಆದರೆ ಅವನು ಬಾಗಿಲಲ್ಲಿ ಕಾಣಿಸಿಕೊಂಡಾಗ ಈ ಮುದುಕಿ ಅವನ ಹಿಂದೆ ಇಣುಕಿ ನೋಡುತ್ತಾಳೆ, ಇಣುಕುವುದನ್ನು ಅವನು ನೋಡುತ್ತಾನೆ, ಅದಾಗಬಾರದು, ಅದೊಂದು ಆಗಬಾರದು, ಎರಡು ತಿಂಗಳು ಹೊಳೆಯ ಗುಂಟ ನಡೆದವನಿಗೆ ಅದೊಂದನ್ನು ತೋರಿಸಬಾರದು.

ಪ್ಲಾಟ್‌ಫಾರ್ಮಿನ ಸಿಮೆಂಟು ಬೆಂಚು ಬಿಸಿಲಿಗೆ ಬೆಚ್ಚಗಾಗಿತ್ತು. ದೊಡ್ಡವ್ವ, ಎಂದಳು ಉಮಾ, ಗಾಡಿಯೊಳಗ ನಮ್ಮ ಮನಿಯವರು ಒಬ್ಬರೇ ಬರಾಕತ್ತಾರ. ಭೀಮೇಶ ಹಿಂದಿನ ಗಾಡಿಗೇನು, ಎಂದಳು ಸಾಯಬಮ್ಮ. ಇಲ್ಲ. ರಜಾ ಕೊಟ್ಟಿಲ್ಲೇನು. ಇಲ್ಲ ದೊಡ್ಡವ್ವ, ಭೀಮೇಶ ನೀರಿಗೆ ಹೋದ, ಅಕ್ಟೋಬರದಾಗೇ ಹೋದ, ಇವರು ಕೈ ಹಿಡಿದಿದ್ರು, ಜಾರಿತಂತ, ನನಗ ಆಗಿನಿಂದಲೇ ಗೊತ್ತದ, ನಿನಗ ಹೇಳಲಿಲ್ಲ. ಹೇಳಿ ಮುಗಿದಿತ್ತು, ಇಷ್ಟು ಸಣ್ಣ ಮಾತು, ಒಂದು ಉಸಿರಿನದು. ಸಾಯಬಮ್ಮ ಅಳಲಿಲ್ಲ, ಗಂಟಿನ ಗಂಟು ಬಿಚ್ಚಿದಳು, ರೊಟ್ಟಿಯನ್ನು ನೋಡಿದಳು, ಮತ್ತೆ ಕಟ್ಟಿದಳು, ಎಳೆದು ಬಿಗಿ ಮಾಡಿದಳು, ಮೈಕಿನಲ್ಲಿ ಮೂರು ಭಾಷೆಯಲ್ಲಿ ಗಾಡಿಯ ಹೆಸರು ಹೇಳಿದರು, ಆಮೇಲೆ ಕೇಳಿದಳು, ಯಾವ ಕೈ. ಏನು ದೊಡ್ಡವ್ವ. ಯಾವ ಕೈ ಹಿಡಿದಿದ್ದ ಮರಿಲಿಂಗ, ಬಲಗೈಯೋ ಎಡಗೈಯೋ. ಉಮಾ ಕೇಳಿಯೇ ಇರಲಿಲ್ಲ, ಕೇಳಬಹುದೆಂದು ಹೊಳೆದೂ ಇರಲಿಲ್ಲ. ಗೊತ್ತಿಲ್ಲ, ಎಂದಳು, ಅಷ್ಟರಲ್ಲಿ ಗಾಡಿ ಬಂತು, ಡಬ್ಬಿಗಳು ಮುಂದೆ ಮುಂದೆ ಹೋಗಿ ನಿಂತವು, ಜನ ಇಳಿದರು, ಮೂಟೆ ಇಳಿದವು, ದೂರದ ಒಂದು ಬಾಗಿಲಲ್ಲಿ ಗಡ್ಡ ಬಿಟ್ಟ ತೆಳ್ಳನೆಯ ಗಂಡಸು, ಯಾರೋ ಎಂದುಕೊಂಡಳು, ಅವನೇ. ಸಾಯಬಮ್ಮ ಅವನ ಹಿಂದೆ ಇಣುಕಲಿಲ್ಲ. ನೇರ ಹೋದಳು, ಉಮಾಳಿಗಿಂತ ಮುಂದೆ, ಅವನು ಇವಳನ್ನು ಕಂಡು ಬ್ಯಾಗು ಕೆಳಗಿಟ್ಟ, ಬಾಯಿ ತೆರೆದ, ಬೇ, ಎಂದ. ಆಕಿ ಹೇಳ್ಯಾಳ, ನೀ ಹೇಳಬ್ಯಾಡ, ಎಂದಳು ಸಾಯಬಮ್ಮ, ಯಾವ ಕೈ ತೋರ್ಸು. ಅವನು ಎಡಗೈ ಮುಂದೆ ಮಾಡಿದ. ಮುಂಗೈಯಿಂದ ಬೆರಳಿನ ಸಂದಿಯವರೆಗೆ ನಾಲ್ಕು ಗೀರು, ಒಣಗಿ ಬೆಳ್ಳಗಾದವು, ಒಂದರ ಪಕ್ಕ ಒಂದು, ಕೆಳಗೆ ಎಳೆದುಕೊಂಡು ಹೋದವು. ಗಾಡಿ ಹೊರಟಿತು, ಯಾರೋ ಸರೀರಿ ಸರೀರಿ ಎಂದರು, ಉಮಾಳಿಗೆ ಏನೂ ಕೇಳಿಸಲಿಲ್ಲ, ಚಂದ್ರ ರೈಲು ಸುರಂಗ ಯಾವುದೂ ಇರಲಿಲ್ಲ, ಸಾಯಬಮ್ಮನ ಹೆಬ್ಬೆರಳು ಒಂದು ಗೀರಿನ ಮೇಲೆ ಇಳಿಯಿತು, ಮತ್ತೆ ಮೇಲಿನಿಂದ ಎರಡನೆಯದರ ಮೇಲೆ ಇಳಿಯಿತು, ಉಗುರು ತಗಿ ಉಗುರು ತಗಿ ಅಂತ ಎಷ್ಟು ಹೇಳಿದ್ದೆ ಅವಗ, ಎಂದಳು, ಮೂರನೆಯದು, ಆ ಕೈಯನ್ನು ಅವಳು ಬಿಡಲಿಲ್ಲ, ಅವನೂ ಎಳೆದುಕೊಳ್ಳಲಿಲ್ಲ, ಹೆಬ್ಬೆರಳು ನಾಲ್ಕನೆಯ ಗೀರಿನ ತುದಿಗೆ ಬಂದು ನಿಂತಿತ್ತು, ಅಲ್ಲಿಂದ ಮುಂದೆ ಬರೀ ಚರ್ಮ, ಆ ಕೈ, ಆ ನಾಲ್ಕು ಗೀರು —