ತೊಳೆಯಬಾರದ ಕಲ್ಲು

ಧೂಳು ಮೆತ್ತಿದಾಗ ಕಲ್ಲುಗಳೆಲ್ಲ ಒಂದೇ. ತಾಮ್ರ ಇರುವುದೂ ಬೂದು, ಇಲ್ಲದ್ದೂ ಬೂದು. ಅದಕ್ಕೇ ಆ ತಾಮ್ರದ ಗಣಿಯಲ್ಲಿ ಕಲ್ಲು ಆಯಲು ಬರುವ ಹೆಂಗಸರಿಗೆ ಸೇರಿದ ದಿನವೇ ಹೇಳಿಕೊಡುತ್ತಿದ್ದ ಪಾಠ ಒಂದೇ ಒಂದು: ಮೊದಲು ತೊಳಿ, ಆಮೇಲೆ ನೋಡು. ಒಡೆದ ಕಲ್ಲು ಬೆಲ್ಟಿನ ಮೇಲೆ ಸಾಲಾಗಿ ಬರುತ್ತಿತ್ತು, ಮೇಲಿನ ಕೊಳವೆಯಿಂದ ನೀರು ಸುರಿಯುತ್ತಿತ್ತು, ಧೂಳು ಕಳಚಿದ್ದೇ ತಡ ಬಣ್ಣ ಹೊರಗೆ ಬೀಳುತ್ತಿತ್ತು. ಹೊಳೆಯುವುದನ್ನು ಉಳಿಸಿ ಮಿಕ್ಕಿದ್ದನ್ನು ಆಚೆ ಎಸೆಯಬೇಕು. ಕೈ ಒಂದು ಗಳಿಗೆ ತಡವಾದರೆ ಕಲ್ಲು ಮುಂದೆ ಹೋಗಿರುತ್ತಿತ್ತು, ಮೇಸ್ತ್ರಿಯ ಬಾಯಿ ಹಿಂದೆ ಬಂದಿರುತ್ತಿತ್ತು.

ಎಲ್ಲರೂ ಕಲ್ಲಕ್ಕ ಎಂದು ಕರೆಯುತ್ತಿದ್ದ ಹೆಂಗಸು ಆ ಬೆಲ್ಟಿನ ಮುಂದೆ ನಿಂತೇ ತಲೆ ನರೆಸಿಕೊಂಡವಳು. ಗಣಿ ಮುಚ್ಚಿ ಎಷ್ಟೋ ಕಾಲವಾಗಿದ್ದರೂ ಕೈಯ ಚಾಳಿ ಹೋಗಿರಲಿಲ್ಲ. ಮಾರುಕಟ್ಟೆಯಲ್ಲಿ ಆಲೂಗಡ್ಡೆಗೂ ನೀರು ಚಿಮುಕಿಸಿ, ತಿರುಗಿಸಿ ನೋಡಿಯೇ ಚೀಲಕ್ಕೆ ಹಾಕುವಳು. ಅಂಗಡಿಯವನು ಮುಖ ಸಿಂಡರಿಸಿದರೆ ಇವಳಿಗೇನು!

ಅವಳಿಗೆ ಒಂದೇ ಒಂದು ಕೊರಗಿತ್ತು. ಅಷ್ಟು ವರ್ಷ ಆ ಗುಡ್ಡದ ಹೊಟ್ಟೆಯಿಂದ ಬಂದದ್ದನ್ನೆಲ್ಲ ಕೈಯಾರೆ ಮುಟ್ಟಿದವಳು ಆ ಹೊಟ್ಟೆಯೊಳಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಹೆಂಗಸರು ಸುರಂಗಕ್ಕೆ ಇಳಿಯುವಂತಿರಲಿಲ್ಲ. ಕಾನೂನೂ ಹಾಗೇ ಇತ್ತು, ಗಂಡಸರ ಹೆದರಿಕೆಯೂ ಹಾಗೇ ಇತ್ತು. ಯಾವುದು ಯಾವುದರ ಮಗುವೋ ಯಾರಿಗೆ ಗೊತ್ತು.

ಈಗ ಗಣಿಯ ಹಳೆಯ ಕಚೇರಿಯನ್ನು ಕಲ್ಲುಗಳ ಪ್ರದರ್ಶನಾಲಯ ಮಾಡುತ್ತಿದ್ದರು. ಅದರ ಹೊಣೆ ಹೊತ್ತು ಬಂದ ಭೂವಿಜ್ಞಾನಿಗೆ ಬಂದ ವಾರವೇ ಕೆಲಸಗಾರರು ಕಲ್ಲು ಮೇಷ್ಟ್ರು ಎಂದು ಹೆಸರಿಟ್ಟಾಗಿತ್ತು. ಅವರು ಕಲ್ಲಕ್ಕನನ್ನು ಹುಡುಕಿಸಿ ಕರೆಸಿದರು. ಗಾಜಿನ ಪೆಟ್ಟಿಗೆಗಳಲ್ಲಿ ಕಲ್ಲು ಜೋಡಿಸುವ ಕೆಲಸ ಅವಳದು. ಮೇಷ್ಟ್ರು ಕತೆ ಹೇಳುವರು, ಇವಳು ಬಾಯಿ ಬಿಟ್ಟುಕೊಂಡು ಕೇಳುವಳು. ಹಿತ್ತಾಳೆಯ ಬಣ್ಣದ ಅದಿರು ಭೂಮಿಯ ಆಳದಲ್ಲಿ ಕುದಿನೀರಿನಲ್ಲಿ ಕರಗಿ ಬಿರುಕಿಗೆ ನುಗ್ಗಿ ತಣಿದದ್ದಂತೆ. ಅದರ ಜೊತೆಗಿರುವ ಬಿಳಿ ಬೆಣಚುಕಲ್ಲೂ ಅದೇ ನೀರಿನದಂತೆ. ಗುಡ್ಡದ ಮೇಲ್ಪದರದಲ್ಲಿ ಗಾಳಿ, ಮಳೆ ತಾಗಿದ ಕಡೆ ಅದೇ ತಾಮ್ರ ಹಸಿರಾಗಿ, ನೀಲಿಯಾಗಿ ವೇಷ ಬದಲಿಸಿದೆಯಂತೆ. ನೇರಳೆ, ನೀಲಿ, ಕೆಂಪು ಎಲ್ಲ ಮಿಂಚುವ ನವಿಲುಗಲ್ಲು ಎಂದರೆ ಅವಳಿಗೆ ಪ್ರಾಣ. ಅದನ್ನು ಕೈಗೆತ್ತಿಕೊಂಡಾಗಲೆಲ್ಲ, "ಏನು ಜಂಬಾನೋ ಇದಕ್ಕೆ!" ಎನ್ನುವಳು.

ಕೆಳಗಿನ ಸುರಂಗದ ಬಾಯಿಗೆ ಗೋಡೆ ಕಟ್ಟಿ ಮುಚ್ಚುವ ತೀರ್ಮಾನವಾಗಿತ್ತು. ಅದಕ್ಕೆ ಮೊದಲು ಮೇಷ್ಟ್ರು ಒಂದು ಬೆಳಗ್ಗೆ ಕೊನೆಯ ಸಲ ಒಳಗೆ ಹೋಗುವವರಿದ್ದರು. ತೆಗೆದ ಕಲ್ಲನ್ನು ಪೆಟ್ಟಿಗೆಗೆ ತುಂಬಲು ಒಬ್ಬರನ್ನು ಕರೆದೊಯ್ಯಲು ಅನುಮತಿಯಿತ್ತು. "ನಿಮ್ಮ ಕೈ ಭದ್ರ ಕಲ್ಲಕ್ಕಾ, ನೀವೇ ಬನ್ನಿ" ಎಂದಿದ್ದರು. ಅವತ್ತಿನಿಂದ ಅವಳ ಕಾಲು ನೆಲದ ಮೇಲಿರಲಿಲ್ಲ.

ಹೊರಡುವ ಹಿಂದಿನ ದಿನ ಮೇಷ್ಟ್ರು ಹತ್ತಿ ತುಂಬಿದ ಡಬ್ಬಿಯೊಂದನ್ನು ತಂದು ಅವಳ ಮುಂದಿಟ್ಟರು. "ಇಡೀ ಕೋಣೇಲಿ ಜನ ಮೊದಲು ನೋಡೋದೇ ಇದನ್ನ. ಜೋಪಾನ" ಎಂದವರು, ಯಾರೋ ಕೂಗಿದರೆಂದು ಓಡಿದರು.

ಡಬ್ಬಿ ತೆರೆದರೆ ಒಳಗೆ ಒಂದು ಮುಷ್ಟಿಯಷ್ಟು ನೀಲಿ! ಅಂಥ ನೀಲಿಯನ್ನು ಕಲ್ಲಕ್ಕ ಬೆಲ್ಟಿನ ಮೇಲೆ ಒಂದು ದಿನವೂ ಕಂಡಿರಲಿಲ್ಲ. ಗಾಜಿನಂತೆ ತಿಳಿಯಾದ ಹರಳುಗಳು ಒಂದರ ಹೆಗಲ ಮೇಲೊಂದು ಹತ್ತಿ ನಿಂತಿದ್ದವು. ಬುಡಕ್ಕೆ ಮಾತ್ರ ಸುರಂಗದ ಕೆಸರು ಮೆತ್ತಿಕೊಂಡಿತ್ತು. ಅಯ್ಯೋ, ಇಂಥ ಚೆಲುವೆಯನ್ನು ಕೊಳೆ ಕಾಲಲ್ಲಿ ಜನರ ಮುಂದೆ ನಿಲ್ಲಿಸುವುದೇ ಎಂದುಕೊಂಡಳು. ಬೋಗುಣಿಗೆ ನೀರು ಹಿಡಿದಳು, ಕಲ್ಲನ್ನು ಮುಳುಗಿಸಿಟ್ಟು, ಗಾಜು ಒರೆಸಿ ಬರೋಣವೆಂದು ಆ ಕಡೆ ಹೋದಳು.

ಬಂದು ನೋಡಿದರೆ ಚೂಪು ಅಂಚುಗಳೆಲ್ಲ ಸಾಬೂನಿನ ಹಾಗೆ ಸವೆದಿದ್ದವು. ಕಲ್ಲಿನಿಂದ ಎಳೆ ಎಳೆಯಾಗಿ ನೀಲಿ ಇಳಿದು ತಳ ಸೇರುತ್ತಿತ್ತು. ಗಾಬರಿಯಿಂದ ಎತ್ತಿದಳು. ಬುಡದ ಕೆಸರು ಬಿಟ್ಟುಕೊಂಡು ಹರಳುಗಳು ಬಿಡಿಬಿಡಿಯಾಗಿ ಬೆರಳ ಸಂದಿಯಲ್ಲಿ ಜಾರಿ ಮತ್ತೆ ನೀರಿಗೇ ಬಿದ್ದವು. ಮೇಜಿನ ಅಂಚು ಹಿಡಿದುಕೊಂಡಳು.

ಊಟದ ಡಬ್ಬಿ ತಂದ ಅವಳ ತಂಗಿ, ಅದೇ ಬೆಲ್ಟಿನ ಮುಂದೆ ಅಕ್ಕನ ಪಕ್ಕ ನಿಂತು ಬದುಕು ಕಳೆದವಳು, ಬೋಗುಣಿಗೆ ಇಣುಕಿದಳು. "ಕರಗೋ ಕಲ್ಲು ಎಲ್ಲಾದರೂ ಉಂಟೇನೇ?" ಎನ್ನುತ್ತ ತಲೆಗೂದಲಿನ ಕಬ್ಬಿಣದ ಪಿನ್ನು ತೆಗೆದು ಕೆದಕಿದಳು. ಪಿನ್ನು ಹೊರಬಂದಾಗ ಮುಳುಗಿದ್ದಷ್ಟು ಭಾಗ ಕೆಂಪಗೆ ತಾಮ್ರ ಹೊದ್ದುಕೊಂಡಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅಕ್ಕಾ, ಇದು ಮೈಲುತುತ್ತ ಕಣೇ! ಗಿಡಕ್ಕೆ ಹೊಡೀತಾರಲ್ಲ, ಅದೇ."

"ನನ್ನ ಬುದ್ಧಿಗಿಷ್ಟು! ಅಂಗಡೀಲಿ ಪೊಟ್ಟಣದಲ್ಲಿ ನೋಡಿದ್ದೆ, ಇಷ್ಟು ಚೆಂದಕ್ಕೆ ಬೆಳೆಯುತ್ತೆ ಅಂತ ಯಾರಿಗೆ ಗೊತ್ತಿತ್ತು?"

"ನೀರು ಚೆಲ್ಲಿಬಿಡು. ಡಬ್ಬೀಲಿ ಬರೀ ಹತ್ತಿ ಇತ್ತು ಅನ್ನು. ನಾಳೆ ಸುರಂಗಕ್ಕೆ ಹೋಗಿ ಬಂದಮೇಲೆ ಏನಾದರೂ ಆಗಲಿ. ಈಗ ಬಾಯಿ ಬಿಟ್ಟೆಯೋ, ಆ ಮನುಷ್ಯ ನಿನ್ನ ಬಿಟ್ಟು ಬೇರೆಯವರನ್ನ ಕರ್ಕೊಂಡು ಹೋಗ್ತಾನೆ."

ತಂಗಿ ಹೇಳಿದ್ದು ನಿಜವೇ. ಕಲ್ಲಕ್ಕ ಬೋಗುಣಿ ಎತ್ತಿಕೊಂಡು ತೊಟ್ಟಿಯವರೆಗೆ ಹೋದಳು. ಬಗ್ಗಿಸಲು ಕೈ ಬರಲಿಲ್ಲ. ಕರಗಿದ ಮೇಲೂ ಅದು ಅಷ್ಟು ಚೆಂದವಿತ್ತು. ಇಂಥದ್ದನ್ನು ಚರಂಡಿಗೆ ಸುರಿದು, ಸುಳ್ಳು ಹೇಳಿ, ಇದು ಹುಟ್ಟಿದ ಮನೆಗೇ ನಾಳೆ ಯಾವ ಮುಖ ಹೊತ್ತು ಹೋಗಲಿ? ವಾಪಸು ಬಂದು ಬೋಗುಣಿಯನ್ನು ಮೇಜಿನ ಮೇಲಿಟ್ಟು ಕುಳಿತಳು. ತಂಗಿ ತಲೆ ಚಚ್ಚಿಕೊಂಡು ಹೊರಟಳು.

ಮೇಷ್ಟ್ರು ಬಂದಾಗ ಕಲ್ಲಕ್ಕ ಎದ್ದು ನಿಂತಳು. "ಕಲ್ಲು ತೊಳೆದೆ ಮೇಷ್ಟ್ರೇ" ಎಂದಳು. ಬೋಗುಣಿಯನ್ನು ಅವರತ್ತ ಸರಿಸಿದಳು.

ಮೇಷ್ಟ್ರು ಬೋಗುಣಿ ನೋಡಿದರು. ಮುಖ ಕೆಂಪಾಯಿತು. ಕಿಟಕಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತುಬಿಟ್ಟರು. ಬೈದಿದ್ದರೆ ಎಷ್ಟೋ ವಾಸಿ ಅನ್ನಿಸಿತು ಅವಳಿಗೆ.

"ಬೇರೆಯವರನ್ನ ಕರ್ಕೊಂಡು ಹೋಗಿ. ನನಗೆ ಬೇಜಾರಿಲ್ಲ" ಎಂದಳು. ಬೇಜಾರು ಬೆಟ್ಟದಷ್ಟಿತ್ತು.

"ನಿಮ್ಮ ಬೆಲ್ಟಿನ ಮೇಲೆ ಇದು ಯಾಕೆ ಬರಲಿಲ್ಲ ಗೊತ್ತಾ?" ಮೇಷ್ಟ್ರು ತಿರುಗದೆಯೇ ಕೇಳಿದರು. "ಆಗ ಇದು ಹುಟ್ಟೇ ಇರಲಿಲ್ಲ. ನೀವೆಲ್ಲ ಬಾಗಿಲು ಹಾಕ್ಕೊಂಡು ಹೋದಮೇಲೆ ಮಳೆನೀರು ಅದಿರಿನೊಳಗೆ ಇಳಿದು, ತಾಮ್ರ ಹೊತ್ಕೊಂಡು ಬಂದು, ಸುರಂಗದ ಗೋಡೆ ಮೇಲೆ ಒಣಗಿ ಒಣಗಿ ಬೆಳೆದಿದ್ದು. ಗುಡ್ಡ ಕೋಟಿಗಟ್ಟಲೆ ವರ್ಷದ್ದು, ಇದು ಮಾತ್ರ ಎಳೇ ಕೂಸು. ನೀರಿಂದಲೇ ಬಂದಿದ್ದು, ನೀರಿಗೇ ಹೋಯ್ತು." ಆಮೇಲೆ ಇತ್ತ ತಿರುಗಿದರು. "ಕಲ್ಲು ತೊಳೆಯೋ ಕೈಗೆ ಕೊಟ್ಟು, ತೊಳೀಬೇಡಿ ಅನ್ನೋ ಒಂದು ಮಾತು ಹೇಳದೆ ಓಡಿದೆನಲ್ಲ, ನನಗೇನು ಹೇಳಬೇಕು? ನಾಳೆ ಇನ್ನೊಂದು ತರಬೇಕು. ಬೆಳಗ್ಗೆ ಬೇಗ ಬನ್ನಿ."

"ನಾನಾ?"

"ಇದಕ್ಕೆ ಸಾಯೋವರೆಗೂ ನೀರು ಮುಟ್ಟಿಸದವರು ಈ ಊರಲ್ಲಿ ಇನ್ನು ಯಾರಾದರೂ ಇದ್ದರೆ ಅದು ನೀವೇ ತಾನೇ!"

ಮಾರನೆಯ ಬೆಳಗ್ಗೆ ತಲೆಗೆ ದೀಪದ ಟೊಪ್ಪಿ ಕಟ್ಟಿಕೊಂಡು ಕಲ್ಲಕ್ಕ ಮೇಷ್ಟ್ರ ಹಿಂದೆ ಸುರಂಗ ಹೊಕ್ಕಳು. ಒಣಗಿದ ಒಂದು ಮೂಲೆಯಲ್ಲಿ ನೀಲಿ ಹರಳುಗಳು ಗೋಡೆಯ ತುಂಬ ಅರಳಿದ್ದವು. ಮೇಷ್ಟ್ರು ಬಿಡಿಸಿಕೊಟ್ಟದ್ದನ್ನು ಉಸಿರು ಬಿಗಿಹಿಡಿದು ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಗಿಟ್ಟಳು. ಕೆಲಸ ಮುಗಿಯಿತು, ಇನ್ನು ಹಿಂದಿರುಗಬೇಕು.

"ಇನ್ನು ನಾಲ್ಕು ಹೆಜ್ಜೆ ಬನ್ನಿ" ಎಂದ ಮೇಷ್ಟ್ರು, ಸುರಂಗ ಕೊನೆಯಾಗುವ ಕಡೆ ದೀಪ ಎತ್ತಿ ಹಿಡಿದರು.

ಎದುರಿನ ಬಂಡೆಯ ಮೇಲೆ ಮೇಲಿಂದ ಸಣ್ಣಗೆ ನೀರು ಹರಿಯುತ್ತಿತ್ತು. ಕಾಲಬುಡದಿಂದ ಹೊರಟ ಹಿತ್ತಾಳೆ ಬಣ್ಣದ ಅದಿರಿನ ಪಟ್ಟೆ, ಬೆಣಚುಕಲ್ಲಿನ ಬಿಳಿ ಅಂಚು ಕಟ್ಟಿಕೊಂಡು, ಬಳುಕಿ ಮೇಲೇರಿ, ನೆತ್ತಿಯ ಮೇಲೆ ಹಾದು ಕತ್ತಲೊಳಗೆ ಹೋಗಿತ್ತು. ಅಲ್ಲಲ್ಲಿ ನವಿಲುಗಲ್ಲು ನೇರಳೆಯಾಗಿ ಉರಿಯುತ್ತಿತ್ತು. ಎಲ್ಲೂ ತುಂಡಾಗಿರಲಿಲ್ಲ. ಕಲ್ಲಕ್ಕ ಕೈ ಚಾಚಿ ಮುಟ್ಟಿದಳು, ಮುಟ್ಟುತ್ತಲೇ ಪಕ್ಕಕ್ಕೆ ಸರಿದಳು, ಇನ್ನೂ ಸರಿದಳು. ಪಟ್ಟೆ ಮುಗಿಯಲೇ ಇಲ್ಲ.

"ಎಲ್ಲಾ ಒಂದೇನಾ ಮೇಷ್ಟ್ರೇ? ಇದಿಷ್ಟೂ?"

"ಒಂದೇ. ಗುಡ್ಡದ ಆ ಕಡೆವರೆಗೂ."

"ನಾನು ಕಂಡಿದ್ದೆಲ್ಲಾ ಬರೀ ಚೂರು" ಎಂದಳು ಕಲ್ಲಕ್ಕ. ಸುರಂಗದ ಒದ್ದೆ ನೆಲದ ಮೇಲೇ ಕುಳಿತುಬಿಟ್ಟಳು. ಹೊರಗೆ ಗೋಡೆ ಕಟ್ಟುವವರು ಬಂದು ಕಾಯುತ್ತಿದ್ದಾರೆಂದು ಮೇಷ್ಟ್ರು ಮೆಲ್ಲಗೆ ನೆನಪಿಸಿದರು.

"ಕಾಯಲಿ ಬಿಡಿ" ಎಂದಳು. "ನಾನು ಇನ್ನೂ ನೋಡಿಲ್ಲ."