ಬೆಳದಿಂಗಳು ಸೋಪು ಯಾರದು?

ಆ ಬೆಳಿಗ್ಗೆ, ಮನೆಯಲ್ಲೇ ಸೋಪು ಮಾಡಿ ಮಾರುವ ಸೋಪಕ್ಕ ಹಲಗೆಯ ಮೇಲೆ ಸೋಪು ಕತ್ತರಿಸುತ್ತಿದ್ದಳು. ಪ್ರತಿ ಬಿಲ್ಲೆಯ ಮೇಲೂ ಲೋಟದ ಅಂಚು ಒತ್ತಿ ಅರ್ಧಚಂದ್ರ ಮೂಡಿಸುವುದು ಅವಳ ರೂಢಿ. ಅದಕ್ಕೇ ಜನ ಅದನ್ನು ಬೆಳದಿಂಗಳು ಸೋಪು ಅನ್ನುತ್ತಿದ್ದರು. ಆರು ವರ್ಷದಿಂದ ಅದೇ ಹೆಸರು, ಬರೀ ಬಾಯಿಮಾತಿನಲ್ಲಿ. ಯಾವ ಕಾಗದದಲ್ಲೂ ಇರಲಿಲ್ಲ.

ಹಿಂದಿನ ಬೀದಿಯ ಅಜ್ಜಿ ಮೊಮ್ಮಗಳನ್ನು ಎತ್ತಿಕೊಂಡು ಒಳಗೆ ನುಗ್ಗಿದಳು. ಕೂಸಿನ ಬೆನ್ನ ಮೇಲಿನ ಬಟ್ಟೆ ಸರಿಸಿದಳು. ಚರ್ಮ ಕೆಂಪಗೆ ಸುಲಿದಿತ್ತು.

“ನೋಡೇ! ಒಂದೇ ಒಂದ್ಸಲ ನಿನ್ನ ಸೋಪು ಹಚ್ಚಿದ್ದು. ಡಾಕ್ಟ್ರು ಏನು ಹಚ್ಚಿದ್ರಿ ಅಂತಾರೆ. ಏನು ಹೇಳ್ಲಿ?”

ಅಜ್ಜಿ ಎಸೆದ ತುಂಡಿನ ಮೇಲೆ ಅರ್ಧಚಂದ್ರವಿತ್ತು.

ಸೋಪಕ್ಕನಿಗೆ ಒಳಗೊಳಗೇ ಇನ್ನೊಂದು ಅಳುಕು. ಮೈ ಸುಡುವ ಕಾಸ್ಟಿಕ್ ಸೋಡಾ ಹಾಕಿದ ಸೋಪು, ಅದರ ಖಾರ ಇಳಿಯಲು ನಾಲ್ಕು ವಾರ ಒಣಗಬೇಕು ಅನ್ನುವುದು ಅವಳದೇ ನೇಮ. ಹೋದ ತಿಂಗಳು ಗಿರಾಕಿಗಳು ದುಂಬಾಲು ಬಿದ್ದರೆಂದು ಒಂದು ತಟ್ಟೆ ಸೋಪನ್ನು ಮೂರೇ ವಾರಕ್ಕೆ ಮಾರಿಬಿಟ್ಟಿದ್ದಳು. ಗಂಡನಿಗೂ ಹೇಳಿರಲಿಲ್ಲ. ಆ ಎಳೆ ಬೆನ್ನನ್ನು ಸುಟ್ಟಿದ್ದು ನಾನೇ ಇರಬಹುದೇ?

ಸುದ್ದಿ ಬೀದಿಯೆಲ್ಲ ಹಬ್ಬಿತು. ಸಂಜೆಯ ಹೊತ್ತಿಗೆ ಹೊಸ್ತಿಲ ಹೊರಗೆ ಗಿರಾಕಿಗಳು ಎಸೆದು ಹೋದ ಸೋಪಿನ ತುಂಡುಗಳು ಬಿದ್ದಿದ್ದವು. ಯಾರೂ ಬಾಗಿಲು ತಟ್ಟಿರಲಿಲ್ಲ. ಪ್ರತಿ ಸಲ ಬೀದಿಯಲ್ಲಿ ಗಾಡಿ ನಿಂತ ಸದ್ದಾದಾಗಲೂ ಅಧಿಕಾರಿಗಳೇ ಬಂದರೇನೋ ಎಂದು ಗಂಡ ಕಿಟಕಿಯಿಂದ ಇಣುಕುತ್ತಿದ್ದ.

ಬಾಗಿಲು ತಟ್ಟಿದ್ದು, ತನ್ನ ಹೊಲಿಗೆ ಅಂಗಡಿ ನೋಂದಾಯಿಸಿಕೊಂಡಿದ್ದ ಪಕ್ಕದ ಮನೆಯ ಟೈಲರಮ್ಮ ಮಾತ್ರ. ಬಂದವಳೇ ಅಜ್ಜಿ ಎಸೆದ ತುಂಡನ್ನು ಮೂಸಿ ನೋಡಿದಳು.

“ಇದನ್ನ ಎಲ್ಲಿ ತಗೊಂಡಿದ್ದಂತೆ ಅಜ್ಜಿ?”

“ಬಸ್ ನಿಲ್ದಾಣದ ಅಂಗಡೀಲಂತೆ,” ಅಂದ ಗಂಡ. ಬೀದಿಯ ಜನ ಆಡಿಕೊಂಡಿದ್ದನ್ನು ಕೇಳಿದ್ದ.

“ನೀನು ಆ ಅಂಗಡಿಗೆ ಯಾವತ್ತು ಕೊಟ್ಟಿದ್ದೆ?”

ಆ ಅಂಗಡಿಗೆ ಸೋಪಕ್ಕ ಒಂದು ಬಿಲ್ಲೆಯನ್ನೂ ಕೊಟ್ಟವಳಲ್ಲ.

“ಯಾರೋ ನಿನ್ನ ಹೆಸರು ಇಟ್ಕೊಂಡು ಮಾರ್ತಿದ್ದಾರೆ ಕಣೇ. ಲೋಟ ಯಾರ ಮನೇಲಿಲ್ಲ? ನಾಳೆ ವ್ಯಾಪಾರ ನೋಂದಣಿ ಕಚೇರಿಗೆ ಹೋಗೋಣ, ಹೆಸರು ನೋಂದಾಯಿಸೋಣ.”

ಗಂಡ ಹೌಹಾರಿದ. “ಸುಮ್ನಿರಮ್ಮಾ! ಇಷ್ಟು ದಿನ ಯಾರ ಕಣ್ಣಿಗೂ ಬೀಳದೆ ಇದ್ವಿ. ಅಧಿಕಾರಿಗಳು ಬಂದ್ರೆ ಸೋಪಿನ ಮೇಲೆ ಒದ್ದೆ ಸೀರೆ ಹರವ್ತಿದ್ವಿ. ಈಗ ನಾವಾಗೇ ಹೋಗಿ ಹೆಸರು ಬರೆಸಿದ್ರೆ ಕೈಗೆ ಕೋಳ ಹಾಕಿಸ್ಕೊಂಡ ಹಾಗೇನೇ.”

“ಭಾವಾ, ಹೆಸರು ಬರೆಸದೇ ಇದ್ದಾಗ್ಲೇ ಊರವರ ತಪ್ಪೆಲ್ಲ ನಿಮ್ಮ ತಲೆಗೆ ಬಂತಲ್ಲ? ನಂದಲ್ಲ ಅನ್ನೋಕೆ ಮೊದ್ಲು, ನಂದು ಯಾವುದು ಅಂತ ತೋರ್ಸೋಕೆ ಏನಿದೆ ನಿಮ್ಮ ಹತ್ರ?”

ಗಂಡ ಅಟ್ಟದಿಂದ ಆರ್ಡರ್ ಚೀಟಿಗಳ ಡಬ್ಬ ಇಳಿಸಿದ.

ಮರುದಿನ ಗುರುತಿನ ಚೀಟಿ, ಮನೆಯ ಕರೆಂಟ್ ಬಿಲ್ಲು, ಗಿರಾಕಿಗಳು ಆರು ವರ್ಷದಿಂದ ಬರೆದುಕೊಟ್ಟ ಆರ್ಡರ್ ಚೀಟಿಗಳು, ಎಲ್ಲ ಚೀಲಕ್ಕೆ ತುಂಬಿ ಸೋಪಕ್ಕ, ಟೈಲರಮ್ಮ ಹೊರಟರು. ಕಚೇರಿಯಲ್ಲಿ ಕನ್ನಡಕದ ಗುಮಾಸ್ತೆ ಕಂಪ್ಯೂಟರಿನಲ್ಲಿ ಹೆಸರು ಹುಡುಕಿದಳು.

“ಈ ಹೆಸರು ಖಾಲಿ ಇದೆ, ಯಾರೂ ಬರೆಸಿಲ್ಲ. ಆದ್ರೆ ಮೊನ್ನೆ ಒಬ್ರು ಬಂದು ಇದೇ ಹೆಸರು ಕೇಳಿದ್ರು. ವಿಳಾಸದ ದಾಖಲೆ ಇರ್ಲಿಲ್ಲ, ತರ್ತೀನಿ ಅಂತ ಹೋದ್ರು.”

ಸೋಪಕ್ಕ ಬಾಗಿಲ ಕಡೆ ತಿರುಗಿ ತಿರುಗಿ ನೋಡುತ್ತಲೇ ಅರ್ಜಿ ತುಂಬಿದಳು. ‘ಜವಾಬ್ದಾರ ವ್ಯಕ್ತಿ’ ಎಂಬ ಜಾಗಕ್ಕೆ ಬಂದಾಗ ಪೆನ್ನು ನಿಂತುಬಿಟ್ಟಿತು.

“ಅಮ್ಮಾ,” ಅಂದಳು ಮೆಲ್ಲಗೆ, “ಒಂದು ತಟ್ಟೆ ಸೋಪು ಬೇಗ ಮಾರಿಬಿಟ್ಟಿದೀನಿ. ಅದ್ರಿಂದ ಯಾರಿಗಾದ್ರೂ ತೊಂದ್ರೆ ಆಗಿದ್ರೆ?”

ಗುಮಾಸ್ತೆ ಬೈಯಲಿಲ್ಲ. “ಮೈಗೆ ಹಚ್ಚೋ ವಸ್ತು. ಪರೀಕ್ಷೆ ಮಾಡಿಸಿ, ತಯಾರಿಕೆ ಪರವಾನಗಿ ಕೇಳಿ. ಇನ್ನೊಂದು, ಇಲ್ಲಿ ನೋಂದಣಿ ಆಗೋದು ನಿಮ್ಮ ವ್ಯಾಪಾರ. ಈ ಹೆಸರು, ಈ ಚಂದ್ರನ ಗುರುತು ನಿಮಗೇ ಸೇರ್ಬೇಕು ಅಂದ್ರೆ ಟ್ರೇಡ್‌ಮಾರ್ಕ್ ಅರ್ಜಿ ಬೇರೆ ಹಾಕ್ಬೇಕು. ಒಂದು ಮಾಡಿ ಇನ್ನೊಂದು ಬಿಡ್ಬೇಡಿ.”

ಸೋಪಕ್ಕ ಸಹಿ ಹಾಕಿದಳು.

ಬೇಗ ಮಾರಿದ ಆ ತಟ್ಟೆಯಲ್ಲಿ ಮಾರದೆ ಉಳಿದಿದ್ದ ಎರಡು ಬಿಲ್ಲೆಗಳೂ ಅಜ್ಜಿ ಎಸೆದ ತುಂಡೂ ಪರೀಕ್ಷೆಗೆ ಹೋದವು. ಫಲಿತಾಂಶ ಬರುವ ತನಕದ ಹದಿನೈದು ದಿನ ಅವಳು ಜೀವ ಕೈಯಲ್ಲಿ ಹಿಡಿದುಕೊಂಡೇ ಇದ್ದಳು. ಅವಳ ಸೋಪು ಸರಿಯಾಗಿತ್ತು. ಅಜ್ಜಿಯ ತುಂಡಿನಲ್ಲಿ ಕಾಸ್ಟಿಕ್ ವಿಪರೀತವಾಗಿತ್ತು. ಇನ್ನು ಮುಂದೆ ನಾಲ್ಕು ವಾರಕ್ಕೆ ಒಂದು ದಿನವೂ ಕಡಿಮೆಯಿಲ್ಲ ಎಂದು ಅವಳು ಗಂಡನೆದುರು ಅತ್ತುಕೊಂಡೇ ಹೇಳಿದಳು. ಗಂಡ ತಾನೇ ಮುದ್ರಣದವನ ಹತ್ತಿರ ಹೋಗಿ ಹೆಸರು, ವಿಳಾಸ, ತಯಾರಿಸಿದ ದಿನ ಇರುವ, ಬಿಲ್ಲೆಗೆ ಅಂಟಿಸುವ ಚೀಟಿ ಮಾಡಿಸಿ ತಂದ.

ಪರೀಕ್ಷೆಯ ಕಾಗದ ಹಿಡಿದು ಸೋಪಕ್ಕ ಅಜ್ಜಿಯ ಮನೆಗೆ ಹೋದಳು. ಅಜ್ಜಿ ಕೂಸಿನ ಬೆನ್ನಿಗೆ ಮುಲಾಮು ಸವರುತ್ತಿದ್ದಳು. ಗಾಯ ಒಣಗುತ್ತಿತ್ತು, ಕಲೆ ಮಾತ್ರ ಹಾಗೇ ಇತ್ತು. ಅಜ್ಜಿ ಕಾಗದ ಓದಿಸಿಕೊಂಡು ಕೇಳಿದಳು:

“ನಿಂದಲ್ಲ ಅಂತಾಯ್ತು. ಹಾಗಾದ್ರೆ ನಮ್ಮ ಮಗೂನ ಸುಟ್ಟಿದ್ದು ಯಾರು? ಯಾರ ಮನೆ ಬಾಗಿಲಿಗೆ ಹೋಗ್ಲಿ ನಾನು?”

ಆ ತುಂಡಿನ ಮೇಲೆ ಊರಿಲ್ಲ, ವಿಳಾಸವಿಲ್ಲ. ಬೈಕಿನಲ್ಲಿ ತಂದುಕೊಟ್ಟವನು ಮತ್ತೆ ಬಂದಿಲ್ಲ ಅನ್ನುತ್ತಾನೆ ಬಸ್ ನಿಲ್ದಾಣದ ಅಂಗಡಿಯವನು. ಹುಡುಕಾಟ ಇನ್ನೂ ನಡೆದಿದೆ.

ಇದನ್ನು ಓದುತ್ತಿರುವ ಅಕ್ಕಾ, ಅಣ್ಣಾ, ನೀವು ಮನೆಯಲ್ಲಿ ಏನು ತಯಾರಿಸುತ್ತೀರಿ? ಜನ ಅದನ್ನು ಯಾವ ಹೆಸರಿನಿಂದ ಕೇಳಿ ಕೊಳ್ಳುತ್ತಾರೆ? ಆ ಹೆಸರು ಖಾಲಿ ಇದೆಯೇ ಎಂದು ಈ ವಾರವೇ ಹತ್ತಿರದ ವ್ಯಾಪಾರ ನೋಂದಣಿ ಕಚೇರಿಯಲ್ಲಿ ವಿಚಾರಿಸಿ, ನಿಮ್ಮ ವ್ಯಾಪಾರ ನೋಂದಾಯಿಸಿ. ಯಾವ ಪರವಾನಗಿ ಬೇಕು, ಹೆಸರಿಗೆ ಟ್ರೇಡ್‌ಮಾರ್ಕ್ ಅರ್ಜಿ ಎಲ್ಲಿ ಹಾಕಬೇಕು ಎಂದೂ ಅಲ್ಲೇ ಕೇಳಿ. ಹೆದರಿಕೆ ಆದರೆ ನೋಂದಾಯಿಸಿಕೊಂಡ ನೆರೆಯವರನ್ನು ಜೊತೆಗೆ ಕರೆದುಕೊಂಡು ಹೋಗಿ. ನಿಮ್ಮನ್ನು ನಂಬಿ ಕೊಂಡವರು ಕಷ್ಟದಲ್ಲಿ ಹುಡುಕಿಕೊಂಡು ಬಂದಾಗ, ನಿಮ್ಮ ಬಾಗಿಲು ಅವರಿಗೆ ಸಿಗಬೇಕು.